ಹಳೆಯ ಬಿಎಂಎಕ್ಸ್‌ಗೆ ಸೆಕೆಂಡ್‌ಹ್ಯಾಂಡ್ ಚಕ್ರ ಕೂರಿಸುವ ಮುನ್ನ
ಚಿಕ್ಕಮಗಳೂರಿನ ಮಳೆಗೆ ಮೈಯೊಡ್ಡಿ ನಿಂತ ಬಿಎಂಎಕ್ಸ್‌ನ (ಚಿಕ್ಕ ಚಕ್ರಗಳ, ಕಸರತ್ತಿನ ಸೈಕಲ್‌ನ) ರಿಮ್ ತುಕ್ಕು ಹಿಡಿದು, ಗುಜರಿಯಲ್ಲಿ ಬೇರೆ ಚಕ್ರ ಹುಡುಕುತ್ತಿರುವ ಸದಸ್ಯರ ಗಮನಕ್ಕೆ. 20 ಇಂಚು ಎಂದ ಮಾತ್ರಕ್ಕೆ ಎಲ್ಲ ಚಕ್ರಗಳೂ ಒಂದೇ ಅಳತೆಯವಲ್ಲ. 20×1.75 ಟೈರಿನ ಅಂಚು ರಿಮ್ಮಿನಲ್ಲಿ ಕೂರುವ ವ್ಯಾಸ 406 ಮಿ.ಮೀ., 20×1 3/8 ಟೈರಿನದು 451 ಮಿ.ಮೀ.; ಇದನ್ನು ಗಮನಿಸದೆ ಟೈರು ತಂದು ಒಂದು ಭಾನುವಾರವಿಡೀ ಹೆಣಗಾಡಿದವನು ನಾನು. ಚಕ್ರದ ನಡುವಿನ ಅಚ್ಚಾದ ಆಕ್ಸೆಲ್‌ನ ದಪ್ಪವನ್ನೂ ಅಳೆಯಿರಿ. 14 ಮಿ.ಮೀ. ಆಕ್ಸೆಲ್‌ಗಾಗಿ ಹಳೆಯ ಫ್ರೇಮಿನಲ್ಲಿ ಆಕ್ಸೆಲ್ ಕೂರುವ ಸೀಳನ್ನು ಅರದಿಂದ ಉಜ್ಜಿ ಅಗಲಿಸುವುದು ನನಗೆ ಸರಿಕಾಣುವುದಿಲ್ಲ.

ಚಕ್ರದ ನಡುವೆ ಆಕ್ಸೆಲ್ ಹಾಯುವ ಹಬ್ ಬಿಚ್ಚಿ, ಬೇರಿಂಗ್ ಗುಂಡುಗಳನ್ನು ಡೀಸೆಲ್‌ನಲ್ಲಿ ತೊಳೆದು, ಆ ಗುಂಡುಗಳನ್ನು ಒತ್ತಿ ಹಿಡಿಯುವ ಕೋನ್‌ಗಳು ಗುಳಿಬಿದ್ದಿದ್ದರೆ ಬದಲಿಸಿ, ಹೊಸ ಗ್ರೀಸ್ ತುಂಬಬೇಕು. ಕೋನ್ ಬಿಗಿ ಮಾಡಿದ ಮೇಲೆ ಆಕ್ಸೆಲ್ ಬೆರಳಿನಲ್ಲಿ ಗರಗರ ಎನ್ನದೆ ತಿರುಗಬೇಕು, ಚಕ್ರ ಪಕ್ಕಕ್ಕೆ ಅಲುಗಲೂಬಾರದು.

ಬೆಂಡ್ ತೆಗೆಯಲು ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ರಿಮ್ಮಿನ ಪಕ್ಕದಲ್ಲಿ ಸೀಮೆಸುಣ್ಣವನ್ನು ಅಲುಗದಂತೆ ಹಿಡಿದು ಚಕ್ರ ತಿರುಗಿಸಿದರೆ, ಗೆರೆ ಬಿದ್ದ ಕಡೆ ರಿಮ್ ಆ ಬದಿಗೆ ವಾಲಿದೆ ಎಂದು ತಿಳಿಯುತ್ತದೆ. ಅಲ್ಲಿ ಎದುರು ಬದಿಯ ಕಡ್ಡಿಗಳ ನಿಪ್ಪಲ್‌ಗಳನ್ನು (ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಪುಟ್ಟ ನಟ್ಟುಗಳನ್ನು) ಒಮ್ಮೆಗೆ ಕಾಲು ಸುತ್ತಷ್ಟೇ ಬಿಗಿಗೊಳಿಸಿ, ಮತ್ತೆ ತಿರುಗಿಸಿ ನೋಡಿ. ಅವಸರ ಮಾಡಿದರೆ ಚಕ್ರ ಹಪ್ಪಳದಂತಾಗುತ್ತದೆ. ತುಕ್ಕು ಹಿಡಿದ ನಿಪ್ಪಲ್‌ಗಳಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿರುವುದು ಒಳ್ಳೆಯದು.