ಒನ್‌ವೇ ಮಾಡುವ ಮೊದಲು ವಾಪಸ್ ದಾರಿ ಹುಡುಕಿದೆವು

ಅಕ್ಕಪಕ್ಕದಲ್ಲಿ ಸಾಗುವ ಎರಡು ಇಕ್ಕಟ್ಟಿನ ರಸ್ತೆಗಳು. ನಡುವೆ ಸುಮಾರು 150 ಮೀಟರ್ ಅಂತರ. ಎರಡರಲ್ಲೂ ಎರಡೂ ಕಡೆಯಿಂದ ವಾಹನ ಬರುತ್ತಿದ್ದವು, ಬೆಳಿಗ್ಗೆ ಸಂಜೆ ಎರಡೂ ಕಟ್ಟಿಕೊಳ್ಳುತ್ತಿದ್ದವು. ಇದನ್ನು ಸರಿಮಾಡುವ ಕೆಲಸ ನನ್ನ ಪಾಲಿಗೆ ಬಂತು.

ಒಂದನ್ನು ಮಾತ್ರ ಒನ್‌ವೇ ಮಾಡಿದರೆ ಸಾಕಲ್ವಾ ಅಂತ ಮೊದಲ ಸಭೆಯಲ್ಲೇ ಕೇಳಿದರು. ಸಾಕಾಗುವುದಿಲ್ಲ. ಹೋದ ವಾಹನ ತಿರುಗಿ ಬರಲೇಬೇಕು. ನಾವು ದಾರಿ ತೋರಿಸದಿದ್ದರೆ ಮನೆಗಳಿರುವ ಗಲ್ಲಿಗೆ ನುಗ್ಗುತ್ತದೆ. ಅದಕ್ಕೇ ಎರಡನ್ನೂ ಜೋಡಿಯಾಗಿ ತೆಗೆದುಕೊಂಡೆವು: ಒಂದು ಹೋಗಲು, ಇನ್ನೊಂದು ಬರಲು.

ಒಂದು ವಾರ ಬರೀ ಎಣಿಸಿದೆವು. ಪ್ರತಿ ಜಂಕ್ಷನ್‌ನಲ್ಲಿ, 15 ನಿಮಿಷಕ್ಕೊಮ್ಮೆ, ನೇರ ಹೋದವು ಎಷ್ಟು, ಎಡಕ್ಕೆ ಎಷ್ಟು, ಬಲಕ್ಕೆ ಎಷ್ಟು ಅಂತ ಬೇರೆ ಬೇರೆಯಾಗಿ. ಸುಮ್ನೆ ಒಟ್ಟು ಲೆಕ್ಕ ತೆಗೆದರೆ ಉಪಯೋಗವಿಲ್ಲ. ಒನ್‌ವೇ ಆದಮೇಲೆ ಬದಲಾಗುವುದು ತಿರುವುಗಳೇ.

ಲಾಭ ಎಲ್ಲಿಂದ ಬರುತ್ತದೆ ಅಂತ ಜನರಿಗೆ ಹಾಳೆಯ ಮೇಲೆ ಗೆರೆ ಎಳೆದು ತೋರಿಸುತ್ತಿದ್ದೆ. ಎರಡು ದ್ವಿಮುಖ ರಸ್ತೆ ಸೇರುವ ನಾಲ್ಕು ದಾರಿಯ ಜಂಕ್ಷನ್‌ನಲ್ಲಿ ವಾಹನಗಳ ದಾರಿ ಬೇರೆಯಾಗುವ, ಸೇರುವ, ಅಡ್ಡ ದಾಟುವ ಜಾಗಗಳು 32. ಒಂದೊಂದೇ ಲೇನಿನ ಎರಡು ಒನ್‌ವೇ ಸೇರಿದರೆ ಬರೀ 5. ಎದುರಿನ ಸಾಲನ್ನು ಕಾದು ದಾಟಬೇಕಾದ ತಿರುವು ಪೂರ್ತಿ ಹೋಗುತ್ತದೆ. ನಾಲ್ಕು ಫೇಸ್, ಅಂದರೆ ಸರದಿಯಂತೆ ಹಸಿರು ಸಿಗುವ ನಾಲ್ಕು ಪಾಳಿ, ಇದ್ದ ಸಿಗ್ನಲ್ ಎರಡಕ್ಕೆ ಇಳಿಯುತ್ತದೆ. ಫೇಸ್ ಬದಲಾದಾಗಲೆಲ್ಲ ಪೋಲಾಗುತ್ತಿದ್ದ ಸೆಕೆಂಡುಗಳು ಉಳಿಯುತ್ತವೆ.

ಭಾನುವಾರ ಬೆಳಿಗ್ಗೆ ಶುರು ಮಾಡಿದೆವು. ಹಿಂದಿನ ರಾತ್ರಿ ನಿಲ್ಲಿಸಿದ್ದ ಗಾಡಿಗಳು ಹಳೆಯ ದಿಕ್ಕಿಗೇ ಮುಖ ಮಾಡಿದ್ದವು. ಅವನ್ನು ನೋಡಿ ಕೆಲವರು ಎದುರಿನಿಂದಲೇ ಬಂದರು. ಇನ್ನೊಂದು ತಪ್ಪು ಪೂರ್ತಿ ನನ್ನದು. ರಸ್ತೆಯ ಮಧ್ಯದ ಹಳೆಯ ಬಿಳಿ ಗೆರೆಯನ್ನು ಅಳಿಸಿರಲಿಲ್ಲ. ಜನ ಅಭ್ಯಾಸದಂತೆ ಎಡ ಅರ್ಧದಲ್ಲೇ ಸಾಲಾಗಿ ನಿಂತರು, ಬಲ ಅರ್ಧ ಖಾಲಿ! ಅವತ್ತು ರಾತ್ರಿಯೇ ಗೆರೆ ಕೆರೆದು ತೆಗೆಸಿ ಲೇನ್ ಹೊಸದಾಗಿ ಬರೆಸಿದೆ.

ನನ್ನನ್ನು ನಿಜಕ್ಕೂ ಹೆದರಿಸಿದ್ದು ವೇಗ. ಎದುರಿಗೆ ಯಾರೂ ಬರುವುದಿಲ್ಲ ಅಂತ ಗೊತ್ತಾದರೆ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತದೆ. ಮೊದಲ ವಾರ ರಸ್ತೆ ದಾಟಲು ನಿಂತ ವಯಸ್ಸಾದವರ ಮುಖ ನೋಡಿ ನನಗೆ ಸಂಕಟವಾಯಿತು. ವಾಹನ ಸರಾಗವಾಗಿ ಹೋಗುತ್ತಿದೆ ಅಂತ ಖುಷಿಪಡುವುದು ಹೇಗೆ? ಹಂಪ್ ಹಾಕಿ ಅಂದರು ಕೆಲವರು. ನಾನು ಸಿಗ್ನಲ್‌ಗಳನ್ನೇ ಬಳಸಿದೆ. ಎರಡು ಸಿಗ್ನಲ್ ನಡುವೆ 400 ಮೀಟರ್ ಇತ್ತು. ಗಂಟೆಗೆ 40 ಕಿಲೋಮೀಟರ್ ವೇಗಕ್ಕೆ ಹೊಂದಿಸಿದ್ದರಿಂದ ಮುಂದಿನ ಸಿಗ್ನಲ್‌ನ ಹಸಿರು ಹಿಂದಿನದಕ್ಕಿಂತ 36 ಸೆಕೆಂಡ್ ತಡವಾಗಿ ಬರುತ್ತಿತ್ತು. ಅದನ್ನು 48 ಸೆಕೆಂಡ್ ಮಾಡಿದೆ, ಅಂದರೆ 30 ಕಿಲೋಮೀಟರ್ ಲೆಕ್ಕ. ಜೋರಾಗಿ ಬಂದವರಿಗೆ ಕೆಂಪು ಸಿಗುತ್ತಿತ್ತು, ನಿಧಾನ ಬಂದವರಿಗೆ ಸಾಲಾಗಿ ಹಸಿರು. ಕೆಲವೇ ದಿನಗಳಲ್ಲಿ ಚಾಲಕರಿಗೆ ಅದು ಅರ್ಥವಾಯಿತು. ಎರಡೂ ಕಡೆ ವಾಹನ ಓಡುವ ರಸ್ತೆಯಲ್ಲಿ ಎರಡೂ ದಿಕ್ಕಿಗೆ ಹೀಗೆ ಹೊಂದಿಸುವುದು ಬಹಳ ಕಷ್ಟ.

ಬಸ್ಸಿನ ವಿಷಯದಲ್ಲಿ ಜಾಸ್ತಿ ಬೈಗುಳ ತಿಂದೆ, ಅದು ನ್ಯಾಯವೇ. ಇಳಿಯುವ ಸ್ಟಾಪ್ ಒಂದು ರಸ್ತೆಯಲ್ಲಿ, ವಾಪಸ್ ಹತ್ತುವ ಸ್ಟಾಪ್ ಇನ್ನೊಂದರಲ್ಲಿ. ನಡುವಿನ ಅಡ್ಡರಸ್ತೆಯಲ್ಲಿ ಫುಟ್‌ಪಾತ್ ಸರಿಮಾಡಿ, ದೀಪ ಹಾಕಿಸಿ, ದಾರಿ ತೋರಿಸುವ ಫಲಕ ಇಟ್ಟೆವು. ಈ ಕೆಲಸ ಮೊದಲೇ ಆಗಬೇಕಿತ್ತು.

ಸೈಕಲ್‌ನವರು ಮಾತ್ರ ಎದುರು ದಿಕ್ಕಿನಲ್ಲೇ ಬರುತ್ತಿದ್ದರು. ತಡೆದರೂ ನಿಲ್ಲಲಿಲ್ಲ. ಕಾಲಲ್ಲಿ ತುಳಿಯುವವರಿಗೆ ಒಂದು ಸುತ್ತು ಅಂದರೆ ಸಣ್ಣ ಮಾತಲ್ಲ. ಕೊನೆಗೆ ಒಂದು ಬದಿಯ ಪಾರ್ಕಿಂಗ್ ತೆಗೆದು, ಕಂಬ ನೆಟ್ಟು, ಅವರಿಗೆ ಎದುರು ದಿಕ್ಕಿನ ಲೇನ್ ಕೊಟ್ಟೆವು. ಅಲ್ಲಿ ದಾಟುವ ಜಾಗದಲ್ಲಿ ‘ಎರಡೂ ಕಡೆ ನೋಡಿ’ ಅಂತ ನೆಲದ ಮೇಲೆ ದೊಡ್ಡದಾಗಿ ಬರೆಸಿದ್ದೇನೆ. ಬಣ್ಣ ಮಾಸಿದಾಗಲೆಲ್ಲ ಮತ್ತೆ ಬಳಿಸುತ್ತೇನೆ.