ಕೆಟ್ಟ ಸುದ್ದಿ ಬೇಗ ತಲುಪಲಿ: ಸಂಸ್ಥೆಯೊಳಗೆ ನಂಬಿಕೆ ಮತ್ತು ಸಂವಹನ ಬೆಳೆಸುವ ಬಗೆ

ಸಂಸ್ಥೆಯಲ್ಲಿ ಪರಸ್ಪರ ನಂಬಿಕೆ ಇದೆಯೇ ಎಂದು ಸಿಬ್ಬಂದಿಯನ್ನು ನೇರವಾಗಿ ಕೇಳಿದರೆ ಬಹುಮಂದಿ ಇದೆ ಎಂದೇ ಉತ್ತರಿಸುತ್ತಾರೆ. ನಂಬಿಕೆ ಇಲ್ಲದ ಕಡೆ ‘ಇಲ್ಲ’ ಎನ್ನುವ ಧೈರ್ಯವೂ ಇರುವುದಿಲ್ಲ. ಆದ್ದರಿಂದ ಅದನ್ನು ಬೇರೆ ದಾರಿಯಿಂದ ಅಳೆಯಬೇಕು. ಕಳೆದ ಒಂದು ವರ್ಷದಲ್ಲಿ ನಡೆದ ಮೂರು ದೊಡ್ಡ ಎಡವಟ್ಟುಗಳನ್ನು ಆರಿಸಿಕೊಳ್ಳಿ. ಅದು ತಡವಾಗಿ ಹೋದ ಸರಕಾಗಿರಬಹುದು, ಕೈತಪ್ಪಿದ ಗ್ರಾಹಕರಾಗಿರಬಹುದು, ಲೆಕ್ಕದಲ್ಲಿ ನುಸುಳಿದ ತಪ್ಪಾಗಿರಬಹುದು. ಪ್ರತಿಯೊಂದರ ಮುಂದೆ ಎರಡು ದಿನಾಂಕಗಳನ್ನು ಬರೆಯಿರಿ: ಕೆಲಸ ಕೆಡುತ್ತಿದೆ ಎಂಬುದು ಅದನ್ನು ಮಾಡುತ್ತಿದ್ದವರಿಗೆ ಗೊತ್ತಾದ ದಿನ ಮತ್ತು ಅದನ್ನು ಸರಿಪಡಿಸುವ ಅಧಿಕಾರವಿದ್ದವರಿಗೆ ಗೊತ್ತಾದ ದಿನ. ಈ ಎರಡರ ನಡುವಿನ ಅಂತರ ಎಷ್ಟು ದಿನಗಳದ್ದೋ, ನಿಮ್ಮ ಸಂಸ್ಥೆಯ ಅಪನಂಬಿಕೆಯೂ ಅಷ್ಟೇ ಆಳವಾದದ್ದು. ವರ್ಷಕ್ಕೊಮ್ಮೆ ತುಂಬಿಸಿಕೊಳ್ಳುವ ಪ್ರಶ್ನಾವಳಿಗಳಿಗಿಂತ ಈ ಲೆಕ್ಕವನ್ನೇ ನಾನು ಹೆಚ್ಚು ನಂಬುತ್ತೇನೆ.

ಅಂತರವನ್ನು ಕಡಿಮೆ ಮಾಡುವ ಕೆಲಸ ಮೇಲಿನಿಂದಲೇ ಆರಂಭವಾಗಬೇಕು. 2006ರಲ್ಲಿ ಅಲನ್ ಮುಲಾಲಿ ಅವರು ಫೋರ್ಡ್ ಕಂಪನಿಯ ಮುಖ್ಯಸ್ಥರಾಗಿ ಬಂದಾಗ, ಪ್ರತಿವಾರದ ಸಭೆಯಲ್ಲಿ ಪ್ರತಿಯೊಬ್ಬ ಹಿರಿಯ ಅಧಿಕಾರಿಯೂ ತನ್ನ ಕೆಲಸದ ಸ್ಥಿತಿಯನ್ನು ಹಸಿರು, ಹಳದಿ, ಕೆಂಪು ಬಣ್ಣಗಳಲ್ಲಿ ಗುರುತಿಸಬೇಕೆಂದು ಕೇಳಿದರು. ಕಂಪನಿ ಆ ವರ್ಷ ಸಾವಿರ ಕೋಟಿ ಡಾಲರ್‌ಗೂ ಮೀರಿದ ನಷ್ಟದತ್ತ ಸಾಗುತ್ತಿದ್ದರೂ ವರದಿಗಳೆಲ್ಲ ಹಸಿರಾಗಿಯೇ ಬರುತ್ತಿದ್ದವು. ಕಡೆಗೆ ಮಾರ್ಕ್ ಫೀಲ್ಡ್ಸ್ ಎಂಬ ಅಧಿಕಾರಿ ಹೊಸ ವಾಹನವೊಂದರ ಬಿಡುಗಡೆಯಲ್ಲಿ ತೊಂದರೆ ಇದೆಯೆಂದು ಕೆಂಪು ಬಣ್ಣ ತೋರಿಸಿದಾಗ ಕೋಣೆ ಸ್ತಬ್ಧವಾಯಿತು. ಮುಲಾಲಿ ಚಪ್ಪಾಳೆ ತಟ್ಟಿದರು. ಇವರಿಗೆ ಯಾರು ನೆರವಾಗಬಲ್ಲಿರಿ ಎಂದು ಉಳಿದವರನ್ನು ಕೇಳಿದರು. ಫೀಲ್ಡ್ಸ್ ಅವರ ಕೆಲಸ ಹೋಗಲಿಲ್ಲ ಎಂಬುದನ್ನು ಕಣ್ಣಾರೆ ಕಂಡ ಮೇಲೆ, ಮುಂದಿನ ವಾರಗಳಲ್ಲಿ ಇತರರ ವರದಿಗಳಲ್ಲೂ ಹಳದಿ ಮತ್ತು ಕೆಂಪು ಕಾಣಿಸಿಕೊಂಡವು.

ಇದರಿಂದ ಕಲಿಯಬೇಕಾದದ್ದು ಚಪ್ಪಾಳೆಯನ್ನಲ್ಲ, ಮೊದಲ ಅರ್ಧ ನಿಮಿಷದ ಮಹತ್ವವನ್ನು. ಕೆಟ್ಟ ಸುದ್ದಿ ತಂದವರು ನಿಮ್ಮ ಮುಖವನ್ನೇ ಓದುತ್ತಿರುತ್ತಾರೆ. ಆಗ ‘ಇದಕ್ಕೆ ಯಾರು ಕಾರಣ?’ ಎಂದು ಕೇಳಿದರೆ ಮುಂದಿನ ಸುದ್ದಿ ನಿಮ್ಮವರೆಗೆ ಬರುವುದಿಲ್ಲ. ‘ಬಂದು ಹೇಳಿದ್ದು ಒಳ್ಳೆಯದಾಯಿತು, ಈಗ ಪರಿಸ್ಥಿತಿ ಎಲ್ಲಿಗೆ ಬಂದಿದೆ, ನಿಮಗೆ ಏನು ಬೇಕು?’ ಎಂದು ಕೇಳುವುದನ್ನು ಅಭ್ಯಾಸ ಮಾಡಿಕೊಳ್ಳಿ. ಹೊಣೆಗಾರಿಕೆಯ ವಿಚಾರಣೆ ಬೇಡವೆಂದಲ್ಲ, ಅದಕ್ಕೆ ಬೇರೊಂದು ದಿನವನ್ನು ಗೊತ್ತುಮಾಡಿ. ಪ್ರಾಮಾಣಿಕ ತಪ್ಪು, ಮತ್ತೆ ಮತ್ತೆ ಆಗುವ ಅಲಕ್ಷ್ಯ, ಬೇಕೆಂದೇ ಮುಚ್ಚಿಟ್ಟದ್ದು ಈ ಮೂರೂ ಒಂದೇ ಅಲ್ಲ; ಯಾವುದಕ್ಕೆ ಯಾವ ಕ್ರಮ ಎಂಬುದನ್ನು ಎಡವಟ್ಟು ಆಗುವ ಮೊದಲೇ ಬರೆದು ಎಲ್ಲರಿಗೂ ತಿಳಿಸಿರಬೇಕು. ಮುಚ್ಚಿಟ್ಟದ್ದಕ್ಕೆ ತಪ್ಪಿಗಿಂತ ಹೆಚ್ಚು ಕಠಿಣವಾದ ಕ್ರಮವಿರಲಿ.

ಹೇಳಿಕೊಳ್ಳುವ ಜಾಗ ಯಾವುದು ಎಂಬುದೂ ಮುಖ್ಯ. ಅಮೆರಿಕದ ವಿಮಾನಯಾನ ಕ್ಷೇತ್ರದಲ್ಲಿ 1976ರಿಂದ ನಡೆಯುತ್ತಿರುವ ಸುರಕ್ಷತಾ ವರದಿ ವ್ಯವಸ್ಥೆಯಲ್ಲಿ ಪೈಲಟ್‌ಗಳು ಮತ್ತು ವಿಮಾನ ಸಂಚಾರ ನಿಯಂತ್ರಕರು ತಮ್ಮ ತಪ್ಪುಗಳನ್ನು ತಾವೇ ವರದಿ ಮಾಡುತ್ತಾರೆ. ಆ ವರದಿಗಳು ದಂಡ ವಿಧಿಸುವ ಅಧಿಕಾರವಿರುವ ನಿಯಂತ್ರಣ ಸಂಸ್ಥೆಗೆ ನೇರವಾಗಿ ಹೋಗುವುದಿಲ್ಲ. ಆ ಅಧಿಕಾರವಿಲ್ಲದ ನಾಸಾ ಅವನ್ನು ಸ್ವೀಕರಿಸಿ, ಹೆಸರುಗಳನ್ನು ತೆಗೆದುಹಾಕಿದ ಬಳಿಕವೇ ಬಳಕೆಗೆ ಕೊಡುತ್ತದೆ. ಇದೇ ತತ್ವವನ್ನು ಸಣ್ಣ ಕಚೇರಿಯಲ್ಲೂ ಅನುಸರಿಸಬಹುದು. ನಿಮ್ಮ ಬಡ್ತಿಯನ್ನು ನಿರ್ಧರಿಸುವವರಿಗೇ ನಿಮ್ಮ ತಪ್ಪನ್ನು ಒಪ್ಪಿಸಬೇಕೆಂಬ ನಿಯಮವಿದ್ದರೆ ಒಪ್ಪಿಸುವವರು ಯಾರು? ಬೇರೆ ವಿಭಾಗದ ಹಿರಿಯರೊಬ್ಬರನ್ನು ಇದಕ್ಕೆ ನೇಮಿಸಿ, ಅವರು ಯಾರ ವಾರ್ಷಿಕ ಮೌಲ್ಯಮಾಪನದಲ್ಲೂ ಕೈಹಾಕುವುದಿಲ್ಲವೆಂದು ಲಿಖಿತವಾಗಿ ಪ್ರಕಟಿಸಿ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಈ ಕ್ರಮಗಳನ್ನು ಕೈಗೊಂಡ ಮೊದಲ ಕೆಲವು ತಿಂಗಳಲ್ಲಿ ದಾಖಲಾಗುವ ತಪ್ಪುಗಳ ಸಂಖ್ಯೆ ಏರಬಹುದು. ಸಂಶೋಧಕಿ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ಶುಶ್ರೂಷಾ ತಂಡಗಳನ್ನು ಅಧ್ಯಯನ ಮಾಡಿದಾಗ, ಉತ್ತಮ ನಾಯಕತ್ವ ಮತ್ತು ಸೌಹಾರ್ದ ಇದ್ದ ತಂಡಗಳಲ್ಲೇ ಔಷಧಿಯ ತಪ್ಪುಗಳು ಹೆಚ್ಚು ದಾಖಲಾಗಿದ್ದವು. ಅವರು ನಿರೀಕ್ಷಿಸಿದ್ದು ಇದಕ್ಕೆ ವಿರುದ್ಧವಾದದ್ದನ್ನು. ಆ ತಂಡಗಳು ಹೆಚ್ಚು ತಪ್ಪು ಮಾಡುತ್ತಿದ್ದವು ಎಂಬುದಕ್ಕಿಂತ, ತಪ್ಪುಗಳನ್ನು ಅಂಜಿಕೆಯಿಲ್ಲದೆ ಹೇಳಿಕೊಳ್ಳುತ್ತಿದ್ದವು ಎಂಬ ವಿವರಣೆಗೆ ಅವರು ಬಂದರು. ಅಂಕಿಅಂಶ ಏರಿತೆಂದು ಗಾಬರಿಗೊಂಡು ಹಳೆಯ ಕಟ್ಟುನಿಟ್ಟಿಗೆ ಮರಳಿದರೆ, ಮಾತನಾಡಲು ಮುಂದೆ ಬಂದವರೇ ಮೊದಲು ಪೆಟ್ಟು ತಿನ್ನುತ್ತಾರೆ, ಮತ್ತು ಎರಡನೆಯ ಬಾರಿ ಯಾರೂ ಮುಂದೆ ಬರುವುದಿಲ್ಲ.

ನಂಬಿಕೆ ಎಲ್ಲಿ ಮುರಿದಿದೆ ಎಂಬುದನ್ನು ತಿಳಿಯದೆ ಅದನ್ನು ಕಟ್ಟಲಾಗದು. ಮೇಯರ್, ಡೇವಿಸ್ ಮತ್ತು ಸ್ಕೂರ್‌ಮನ್ ಎಂಬ ವಿದ್ವಾಂಸರು 1995ರಲ್ಲಿ ಮಂಡಿಸಿದ ಮಾದರಿಯ ಪ್ರಕಾರ, ಒಬ್ಬರನ್ನು ನಂಬುವ ಮೊದಲು ನಾವು ಅವರಲ್ಲಿ ಮೂರು ಅಂಶಗಳನ್ನು ತೂಗಿನೋಡುತ್ತೇವೆ: ಸಾಮರ್ಥ್ಯ, ಹಿತಚಿಂತನೆ ಮತ್ತು ಪ್ರಾಮಾಣಿಕತೆ. ಮೇಲಧಿಕಾರಿಗೆ ಕೆಲಸ ಗೊತ್ತಿಲ್ಲ ಎಂದು ತಂಡಕ್ಕೆ ಅನಿಸಿದ್ದರೆ, ಅವರು ಎಷ್ಟೇ ನಯವಾಗಿ ಮಾತನಾಡಿದರೂ ಪ್ರಯೋಜನವಿಲ್ಲ. ಅವರು ಕೆಲಸ ಕಲಿಯಬೇಕು, ಅಥವಾ ಬಲ್ಲವರಿಗೆ ನಿರ್ಧಾರವನ್ನು ಬಿಟ್ಟುಕೊಡಬೇಕು. ನಮ್ಮ ಒಳಿತು ಇವರಿಗೆ ಬೇಕಿಲ್ಲ ಎಂಬ ಭಾವನೆ ಇದ್ದರೆ, ತಂಡದ ಪರವಾಗಿ ಅವರು ಒಮ್ಮೆಯಾದರೂ ಮೇಲಿನವರೆದುರು ನಿಂತು ಮಾತನಾಡಿದ್ದು ಕಾಣಬೇಕು. ಕೊಟ್ಟ ಮಾತು ಉಳಿಸಿಕೊಳ್ಳುವುದಿಲ್ಲ ಎಂಬ ದೂರಿದ್ದರೆ ಮದ್ದು ಒಂದೇ: ಕಡಿಮೆ ಮಾತು ಕೊಡುವುದು, ಕೊಟ್ಟದ್ದನ್ನು ದಿನಾಂಕದೊಂದಿಗೆ ಬರೆದಿಡುವುದು, ನಡೆಸಲಾಗದು ಎಂದು ತಿಳಿದ ದಿನವೇ ಹೋಗಿ ತಿಳಿಸುವುದು. ಮೂರು ಕಾಯಿಲೆಗಳಿಗೂ ಪ್ರವಾಸ, ಆಟೋಟಗಳೆಂಬ ಒಂದೇ ಔಷಧಿ ಕೊಡುವ ಸಂಸ್ಥೆಗಳು ಹಲವಿವೆ. ಅವುಗಳಿಂದ ಒಂದು ದಿನ ಸಂತೋಷವಾಗುತ್ತದೆ, ಕಾಯಿಲೆ ಹಾಗೆಯೇ ಉಳಿಯುತ್ತದೆ.

ಕಹಿಯಾದ ನಿರ್ಧಾರವನ್ನು ತಿಳಿಸುವ ಸಂದರ್ಭದಲ್ಲಿ ಸಂವಹನದ ನಿಜವಾದ ಪರೀಕ್ಷೆ ನಡೆಯುತ್ತದೆ. 1990ರಲ್ಲಿ ಪ್ರಕಟವಾದ ಜೆರಾಲ್ಡ್ ಗ್ರೀನ್‌ಬರ್ಗ್ ಅವರ ಅಧ್ಯಯನವನ್ನು ಪ್ರತಿಯೊಬ್ಬ ವ್ಯವಸ್ಥಾಪಕರೂ ನೆನಪಿಟ್ಟುಕೊಳ್ಳಬೇಕು. ಒಂದೇ ಕಂಪನಿಯ ಎರಡು ಕಾರ್ಖಾನೆಗಳಲ್ಲಿ ತಾತ್ಕಾಲಿಕವಾಗಿ ಶೇ. 15ರಷ್ಟು ಸಂಬಳ ಕಡಿತವಾಯಿತು. ಒಂದರಲ್ಲಿ ಕಾರಣವನ್ನು ಲೆಕ್ಕಪತ್ರಗಳೊಂದಿಗೆ ವಿವರವಾಗಿ, ವಿಷಾದದೊಂದಿಗೆ ತಿಳಿಸಿ, ಕೆಲಸಗಾರರ ಪ್ರಶ್ನೆಗಳಿಗೆ ಉತ್ತರಿಸಲಾಯಿತು. ಇನ್ನೊಂದರಲ್ಲಿ ಚುಟುಕಾಗಿ ಹೇಳಿ ಮುಗಿಸಲಾಯಿತು. ಕಡಿತದ ಅವಧಿಯಲ್ಲಿ ಕಳ್ಳತನ ಎರಡನೆಯ ಕಾರ್ಖಾನೆಯಲ್ಲಿ ಬಹಳವಾಗಿ ಹೆಚ್ಚಿತು, ಮೊದಲನೆಯದರಲ್ಲಿ ಅಷ್ಟು ಹೆಚ್ಚಲಿಲ್ಲ. ಎರಡೂ ಕಡೆ ಕೆಲಸಗಾರರ ಸಂಬಳದಲ್ಲಿ ಕಡಿತವಾದ ಪ್ರಮಾಣ ಮಾತ್ರ ಒಂದೇ ಆಗಿತ್ತು.

ಹೀಗಾಗಿ ಅಂಥ ಸುದ್ದಿಯನ್ನು ಹೇಳುವಾಗ ಏನು ನಿರ್ಧಾರವಾಗಿದೆ, ಏಕೆ, ಇನ್ನೂ ಏನು ನಿರ್ಧಾರವಾಗಿಲ್ಲ, ಅದು ಯಾವ ದಿನ ತಿಳಿಯುತ್ತದೆ ಎಂಬ ನಾಲ್ಕಕ್ಕೂ ಉತ್ತರ ಕೊಡಿ. ಮೂರನೆಯದನ್ನು ಬಿಟ್ಟುಬಿಡುವುದೇ ಹೆಚ್ಚು. ಆ ತೆರಪನ್ನು ಗಾಳಿಸುದ್ದಿ ತುಂಬುತ್ತದೆ. ನಡುಹಂತದ ವ್ಯವಸ್ಥಾಪಕರಿಗೆ ಒಂದು ದಿನ ಮೊದಲೇ ವಿಷಯ ತಿಳಿದಿರಲಿ, ಏಕೆಂದರೆ ಸಿಬ್ಬಂದಿ ಮೊದಲು ಪ್ರಶ್ನಿಸುವುದು ಅವರನ್ನೇ. ತಮಗೂ ಈಗಷ್ಟೇ ಗೊತ್ತಾಯಿತು ಎಂದು ಅವರು ಹೇಳಬೇಕಾಗಿ ಬಂದರೆ ಸಂಸ್ಥೆ ಅವರನ್ನು ಎಲ್ಲರೆದುರು ಕೈಬಿಟ್ಟಂತಾಗುತ್ತದೆ.

ದಿನನಿತ್ಯದ ಸಂವಹನದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಸಭೆಗಳಲ್ಲಿ ಕಿರಿಯರು ಮೊದಲು, ಅತ್ಯಂತ ಹಿರಿಯರು ಕೊನೆಗೆ ಮಾತನಾಡಲಿ. ಪ್ರತಿಯೊಬ್ಬರೊಂದಿಗೂ ವಾರಕ್ಕೆ ಅರ್ಧ ಗಂಟೆ ಮುಖಾಮುಖಿ ಮಾತುಕತೆಗೆ ಮೀಸಲಿಡಿ ಮತ್ತು ಬೇರೆ ಕೆಲಸ ಬಂತೆಂದು ಅದನ್ನು ರದ್ದುಮಾಡಬೇಡಿ. ಟೀಕೆಯನ್ನು ಇಮೇಲ್‌ನಲ್ಲಿ ಬರೆಯಬೇಡಿ: ಬರೆಯುವಾಗ ನಮ್ಮ ಕಿವಿಗೆ ಕೇಳಿಸುವ ಧ್ವನಿ ಓದುವವರಿಗೆ ಕೇಳಿಸುವುದಿಲ್ಲ, ಮತ್ತು ನಮ್ಮ ಭಾವ ಅವರಿಗೆ ಎಷ್ಟು ತಲುಪಿತೆಂಬುದನ್ನು ನಾವು ವಾಸ್ತವಕ್ಕಿಂತ ಹೆಚ್ಚಾಗಿಯೇ ಅಂದಾಜಿಸುತ್ತೇವೆ ಎಂಬುದು ಪ್ರಯೋಗಗಳಲ್ಲೂ ಕಂಡುಬಂದಿದೆ.

ಆರು ತಿಂಗಳ ಬಳಿಕ ಮತ್ತೆ ಮೂರು ಎಡವಟ್ಟುಗಳನ್ನು ತೆಗೆದುಕೊಂಡು ಆ ಎರಡು ದಿನಾಂಕಗಳನ್ನು ಬರೆಯಿರಿ. ಅಂತರ ಕುಗ್ಗಿರದಿದ್ದರೆ, ಸುದ್ದಿ ಯಾರ ಮೇಜಿನ ಬಳಿ ನಿಂತಿತು ಎಂಬುದನ್ನು ಮೆಟ್ಟಿಲು ಮೆಟ್ಟಿಲಾಗಿ ಹುಡುಕಿ. ಅಲ್ಲಿದ್ದವರನ್ನು ಗದರಿಸಬೇಡಿ, ಹಿಂದೆ ಇಂಥದ್ದೇ ಸುದ್ದಿಯನ್ನು ಮೇಲಕ್ಕೆ ಒಯ್ದಾಗ ಅವರಿಗೆ ಏನಾಗಿತ್ತು ಎಂದು ಕೇಳಿ, ಉತ್ತರವನ್ನು ನಡುವೆ ಬಾಯಿಹಾಕದೆ ಪೂರ್ತಿ ಕೇಳಿಸಿಕೊಳ್ಳಿ.