ಪಶ್ಚಿಮದ ಕಿಟಕಿಗೆ ಮೊದಲು ನೆರಳು

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದೊಡನೆ ದಾವಣಗೆರೆಯ ಹೊಸ ಬಡಾವಣೆಗಳ ಮನೆಗಳಲ್ಲಿ ಪರದೆ, ಬ್ಲೈಂಡ್ಸ್‌ಗಳ ಮಾತು ಶುರುವಾಗುತ್ತದೆ. ಅಂಗಡಿಗೆ ಹೋಗಿ ಬಣ್ಣ, ದರ ನೋಡಿ, ಮನೆಯ ಎಲ್ಲ ಕಿಟಕಿಗಳಿಗೂ ಒಂದೇ ಬಗೆಯದಕ್ಕೆ ಅಳತೆ ಕೊಟ್ಟು ಬರುವುದು ಈಗಿನ ರೂಢಿ. ನನ್ನನ್ನು ಕೇಳಿದವರಿಗೆಲ್ಲ ನಾನು ಹೇಳುವುದು, ಅಂಗಡಿಗೆ ಹೋಗುವ ಮೊದಲು ಬೆಳಗಿನಿಂದ ಸಂಜೆಯವರೆಗೆ ಯಾವ ಕಿಟಕಿಯ ಮೇಲೆ ಎಷ್ಟು ಹೊತ್ತು ಬಿಸಿಲು ಬೀಳುತ್ತದೆ ಎಂಬುದನ್ನು ನೋಡಿ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ ಎಂದು. ಮನೆಯನ್ನು ಎಲ್ಲ ಕಿಟಕಿಗಳೂ ಸಮನಾಗಿ ಕಾಯಿಸುವುದಿಲ್ಲ. ಆದ್ದರಿಂದ ಹಣವನ್ನೂ ಎಲ್ಲ ಕಿಟಕಿಗಳಿಗೆ ಸಮನಾಗಿ ಹಂಚಬೇಕಾಗಿಲ್ಲ.

ದಾವಣಗೆರೆ ಸುಮಾರು 14.5 ಡಿಗ್ರಿ, ಚಿತ್ರದುರ್ಗ ಸುಮಾರು 14.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಹೀಗಾಗಿ ಏಪ್ರಿಲ್ ಕೊನೆಯ ವಾರದಲ್ಲಿ ನಡುಹಗಲಿನ ಸೂರ್ಯ ನಮ್ಮ ನೆತ್ತಿಯ ಮೇಲೆಯೇ ಬರುತ್ತಾನೆ, ಅಲ್ಲಿಂದ ಆಗಸ್ಟ್ ನಡುಭಾಗದವರೆಗೆ ಮಧ್ಯಾಹ್ನದಲ್ಲಿ ತುಸು ಉತ್ತರಕ್ಕೇ ಇರುತ್ತಾನೆ. ಇದರ ಅರ್ಥ, ಬೇಸಿಗೆಯ ಕಡುಬಿಸಿಲಿನಲ್ಲಿ ದಕ್ಷಿಣದ ಕಿಟಕಿಗೆ ನೇರ ಬಿಸಿಲಿನ ಬಾಧೆ ಬಹಳ ಕಡಿಮೆ. ಮಾರ್ಚ್ ತಿಂಗಳಿನಲ್ಲಿ ಅಲ್ಲಿ ಬೀಳುವ ಬಿಸಿಲನ್ನು ಕಿಟಕಿಯ ಮೇಲೆ ಗೋಡೆಯಿಂದ ಚಾಚಿದ ಒಂದು ಸಾಧಾರಣ ಸಜ್ಜೆಯೇ ತಡೆಯುತ್ತದೆ. ದಕ್ಷಿಣದ ಕಿಟಕಿಗೆ ದುಬಾರಿ ಬ್ಲೈಂಡ್ಸ್ ಹಾಕಿಸಿ, ಪಶ್ಚಿಮದ ಮಲಗುವ ಕೋಣೆಗೆ ತೆಳು ಪರದೆ ಬಿಟ್ಟಿರುವ ಮನೆಗಳನ್ನು ಕಂಡಾಗ ನನಗೆ ನಿಜವಾಗಿಯೂ ಬೇಸರವಾಗುತ್ತದೆ. ಉತ್ತರದ ಕಿಟಕಿಯನ್ನು ತಂಪಿನದೆಂದು ಎಲ್ಲರೂ ನಂಬುತ್ತಾರೆ, ಆದರೆ ಮೇ ತಿಂಗಳಿನಲ್ಲಿ ಸೂರ್ಯ ನೇರ ಪಶ್ಚಿಮದಲ್ಲಿ ಮುಳುಗದೆ ಅದಕ್ಕಿಂತ ಸುಮಾರು ಇಪ್ಪತ್ತು ಡಿಗ್ರಿ ಉತ್ತರಕ್ಕೆ ಸರಿದು ಮುಳುಗುವುದರಿಂದ, ಬೆಳಗ್ಗೆ ಮತ್ತು ಸಂಜೆ ಆ ಕಿಟಕಿಗೂ ಓರೆಯಾಗಿ ಬಿಸಿಲು ತಾಗುತ್ತದೆ. ಅದಕ್ಕೆ ಒಂದು ಹಗುರವಾದ ಪರದೆ ಸಾಕು.

ಕಷ್ಟವಿರುವುದು ಪಶ್ಚಿಮದಲ್ಲಿ. ನೆತ್ತಿಯ ಮೇಲಿನ ಬಿಸಿಲನ್ನು ಸಜ್ಜೆ ತಡೆದೀತು, ಕೆಳಗಿಳಿದ ಬಿಸಿಲನ್ನು ತಡೆಯಲಾರದು. ಮೇ ತಿಂಗಳಲ್ಲಿ ಎರಡು ಅಡಿ ಚಾಚಿಕೊಂಡಿರುವ ಸಜ್ಜೆಯ ನೆರಳು ಸಂಜೆ ನಾಲ್ಕು ಗಂಟೆಗೆ ಗೋಡೆಯ ಮೇಲೆ ಸುಮಾರು ಒಂದೂವರೆ ಅಡಿ ಮಾತ್ರ ಇಳಿಯುತ್ತದೆ. ಐದು ಗಂಟೆಯ ಹೊತ್ತಿಗೆ ಅದು ಒಂದಡಿಗೂ ಕಡಿಮೆ. ನಾಲ್ಕು ಅಡಿ ಎತ್ತರದ ಕಿಟಕಿಯ ಉಳಿದ ಭಾಗವೆಲ್ಲ ಬಿಸಿಲಿಗೆ ಮೈಯೊಡ್ಡಿಕೊಂಡಿರುತ್ತದೆ. ಬೆಳಗಿನ ಬಿಸಿಲೂ ಇಷ್ಟೇ ಓರೆಯಾಗಿ ಬರುತ್ತದೆಯಾದರೂ ಆಗ ಮನೆ ರಾತ್ರಿಯ ತಂಪನ್ನು ಇನ್ನೂ ಉಳಿಸಿಕೊಂಡಿರುತ್ತದೆ. ಸಂಜೆಯ ಹೊತ್ತಿಗೆ ತಾರಸಿಯೂ ಗೋಡೆಯೂ ಕಾದಿರುತ್ತವೆ, ಅದರ ಮೇಲೆ ಈ ಬಿಸಿಲು ಬೇರೆ. ನಾಲ್ಕಡಿಗೆ ನಾಲ್ಕಡಿಯ ಗಾಜಿನ ಮೇಲೆ ಸಂಜೆಯ ಬಿಸಿಲು ಪೂರ್ತಿಯಾಗಿ ಬಿದ್ದರೆ, ಕೋಣೆಯಲ್ಲಿ ಒಂದು ಇಸ್ತ್ರಿ ಪೆಟ್ಟಿಗೆಯನ್ನು ಹಚ್ಚಿಟ್ಟು ಮರೆತಷ್ಟು ಶಾಖ ಒಳಗೆ ಸುರಿಯುತ್ತಿರುತ್ತದೆ.

ಇನ್ನು ಬ್ಲೈಂಡ್ಸ್‌ನ ಆಯ್ಕೆಗೆ ಬರೋಣ. ಇಲ್ಲಿ ನಾನು ಎಲ್ಲಕ್ಕಿಂತ ಒತ್ತಿ ಹೇಳಬಯಸುವುದು, ಬಿಸಿಲನ್ನು ಗಾಜಿನ ಹೊರಗೇ ನಿಲ್ಲಿಸಬೇಕು ಎಂಬುದನ್ನು. ಗಾಜು ಬಿಸಿಲನ್ನು ಸರಾಗವಾಗಿ ಒಳಗೆ ಬಿಡುತ್ತದೆ, ಆದರೆ ಒಳಗೆ ಕಾದ ವಸ್ತುಗಳಿಂದ ಹೊರಡುವ ಝಳವನ್ನು ಹಾಗೆ ಹೊರಗೆ ಬಿಡುವುದಿಲ್ಲ. ಒಳಗೆ ಕಟ್ಟಿದ ಪರದೆ ಬಿಸಿಲನ್ನು ತಡೆದಂತೆ ಕಂಡರೂ, ಅದು ತಾನೇ ಕಾದು ಆ ಕಾವನ್ನು ಕೋಣೆಗೇ ಬಿಟ್ಟುಕೊಡುತ್ತದೆ. ಇದನ್ನು ಪರೀಕ್ಷಿಸುವುದು ಸುಲಭ. ಸಂಜೆ ನಾಲ್ಕೂವರೆಯ ಹೊತ್ತಿಗೆ ಪಶ್ಚಿಮದ ಕಿಟಕಿಯ ಪರದೆಯ ಒಳಮೈಗೆ ಅಂಗೈ ಇಟ್ಟು ನೋಡಿ, ಆಮೇಲೆ ಪರದೆಗೂ ಗಾಜಿಗೂ ನಡುವೆ ಕೈ ತೂರಿಸಿ ಪರದೆಯ ಮೇಲಂಚಿನವರೆಗೆ ಒಯ್ಯಿರಿ. ಬಟ್ಟೆ ಮುಟ್ಟಿದರೆ ಬಿಸಿ, ನಡುವಿನ ಗಾಳಿ ಅದಕ್ಕಿಂತ ಬಿಸಿ, ಮೇಲಂಚಿನಲ್ಲಿ ಆ ಬಿಸಿಗಾಳಿ ಕೋಣೆಗೆ ಉಕ್ಕಿ ಬರುತ್ತಿರುವುದು ಬೆರಳಿಗೆ ತಿಳಿಯುತ್ತದೆ. ಅಮೆರಿಕದ ಇಂಧನ ಇಲಾಖೆ ಗೃಹಸ್ಥರಿಗಾಗಿ ನೀಡಿರುವ ಮಾಹಿತಿಯೂ ಇದನ್ನೇ ಅಂಕಿಗಳಲ್ಲಿ ಹೇಳುತ್ತದೆ. ಪಶ್ಚಿಮದ ಕಿಟಕಿಯ ಹೊರಗೆ ಇಳಿಜಾರಾದ ಬಟ್ಟೆಯ ಮರೆ ಕಟ್ಟಿದರೆ ಬೇಸಿಗೆಯಲ್ಲಿ ಒಳಬರುವ ಬಿಸಿಲಿನ ಶಾಖ ಶೇ. 77ರವರೆಗೆ ತಗ್ಗಬಹುದು, ಬೆಳಕನ್ನು ಚೆನ್ನಾಗಿ ಹಿಂದಕ್ಕೆ ಹೊಡೆಯುವ ಬ್ಲೈಂಡ್ಸ್ ಒಳಗೆ ಪೂರ್ತಿ ಮುಚ್ಚಿದ್ದರೆ ಸುಮಾರು ಶೇ. 45, ಬಿಳಿ ಪ್ಲಾಸ್ಟಿಕ್ ಬೆನ್ನಿರುವ ಮಧ್ಯಮ ಬಣ್ಣದ ಪರದೆಯಿಂದ ಶೇ. 33. ಅಲ್ಲಿನ ಮನೆಗಳು ಬೇರೆಯಾದರೂ ಹೊರಗಿನದೇ ಮೇಲು ಎಂಬ ಕ್ರಮ ನಮ್ಮಲ್ಲಿಯೂ ಅದೇ.

ಹೊರಗೆ ಹಾಕಲು ನಮ್ಮ ಕಡೆ ಬಿದಿರಿನ ತಟ್ಟಿಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಮೇದಾರರು ಹೆಣೆದುಕೊಡುವ ತಟ್ಟಿಯಾದರೂ ಸರಿ, ಅಂಗಡಿಯಲ್ಲಿ ಸುತ್ತಿಟ್ಟು ಮಾರುವ ಬಿದಿರಿನ ಚಿಕ್ ಆದರೂ ಸರಿ, ಕಡ್ಡಿಗಳು ಒತ್ತೊತ್ತಾಗಿವೆಯೇ ಎಂದು ಬೆಳಕಿಗೆ ಹಿಡಿದು ನೋಡಿ ಕೊಳ್ಳಬೇಕು. ಸೂಜಿಯ ರಂಧ್ರದಂಥ ತೂತುಗಳು ಕಡ್ಡಿಯಲ್ಲಿದ್ದು ಅಲ್ಲಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಹುಳು ಹೊಕ್ಕಿದೆ ಎಂದೇ ತಿಳಿದು ಬಿಟ್ಟುಬಿಡಿ. ಕಿಟಕಿಯ ಬಾಗಿಲುಗಳು ಹೊರಗೆ ತೆರೆಯುವ ಮನೆಗಳಲ್ಲಿ ತಟ್ಟಿಯನ್ನು ಗೋಡೆಗೆ ಒತ್ತಿ ಕಟ್ಟಿದರೆ ಬಾಗಿಲು ತೆರೆಯಲಾಗದು. ಆದ್ದರಿಂದ ಸಜ್ಜೆಯ ಹೊರ ಅಂಚಿಗೆ ಕೊಕ್ಕೆ ಹಾಕಿಸಿ ಅಲ್ಲಿಂದ ಇಳಿಬಿಡಬೇಕು. ಆಗ ಬಾಗಿಲೂ ತೆರೆಯುತ್ತದೆ, ತಟ್ಟಿಗೂ ಗಾಜಿಗೂ ನಡುವೆ ಗಾಳಿಯಾಡಿ ತಟ್ಟಿ ಹೀರಿದ ಕಾವು ಹೊರಗೇ ಹೋಗುತ್ತದೆ. ಅಗಲವನ್ನು ಕಿಟಕಿಗಿಂತ ಎರಡೂ ಬದಿಗೆ ಅರ್ಧ ಅಡಿಯಷ್ಟು ಹೆಚ್ಚಾಗಿಯೇ ಕೊಡಿ. ಓರೆಯಾಗಿ ಬರುವ ಬಿಸಿಲು ಬದಿಯಿಂದ ನುಸುಳುತ್ತದೆ.

ಚಿತ್ರದುರ್ಗದವರಿಗೆ ಇಲ್ಲಿ ಒಂದು ಪ್ರತ್ಯೇಕ ಮಾತು. ನಿಮ್ಮ ಊರಿನ ಗಾಳಿ ದಾವಣಗೆರೆಯ ಗಾಳಿಯಲ್ಲ. ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ತಟ್ಟಿಯ ಕೆಳಗಿನ ಎರಡು ಮೂಲೆಗಳನ್ನೂ ಕಿಟಕಿಯ ಸರಳಿಗೆ ಹಗ್ಗದಿಂದ ಬಿಗಿಯದಿದ್ದರೆ ಅದು ರಾತ್ರಿಯಿಡೀ ಗೋಡೆಗೆ ಬಡಿಯುತ್ತದೆ, ಒಂದೇ ಬೇಸಿಗೆಯಲ್ಲಿ ದಾರ ಸವೆದು ಕಡ್ಡಿಗಳು ಕಳಚುತ್ತವೆ. ಗಾಳಿ ತೀರ ಹೆಚ್ಚಿರುವ ಕಡೆ, ಸಸಿಮಡಿಗಳಿಗೆ ಹೊದಿಸುವ ನೆರಳು ಬಲೆಯನ್ನು ಬಳಸುವುದು ಜಾಣತನ. ಕೃಷಿ ಸಾಮಗ್ರಿಯ ಅಂಗಡಿಗಳಲ್ಲಿ ಅದು ಶೇ. 50, ಶೇ. 75 ಎಂದು ನೆರಳಿನ ಪ್ರಮಾಣದ ಮೇಲೆ ಸಿಗುತ್ತದೆ. ಪಶ್ಚಿಮದ ಕಿಟಕಿಗೆ ಶೇ. 75ರದು ಹೊಂದುತ್ತದೆ. ಗಾಳಿ ಅದರ ಮೂಲಕ ಹಾದುಹೋಗುವುದರಿಂದ ಹರಿಯುವುದಿಲ್ಲ, ಒಳಗೆ ಕತ್ತಲೆಯೂ ಆಗುವುದಿಲ್ಲ. ನೋಟಕ್ಕೆ ಚೆಂದವಿಲ್ಲ ಎನ್ನುವವರಿದ್ದಾರೆ. ಹಿತ್ತಲ ಕಡೆಯ ಕಿಟಕಿಗೆ ಚೆಂದದ ಚಿಂತೆ ಏಕೆ?

ಬಾಡಿಗೆ ಮನೆಯಲ್ಲಿರುವವರಿಗೆ, ಮಹಡಿಯ ಮೇಲಿರುವವರಿಗೆ ಹೊರಗೆ ಕಟ್ಟುವ ಅನುಕೂಲ ಇರುವುದಿಲ್ಲ. ಅಂಥವರು ಒಳಗಿನ ಬ್ಲೈಂಡ್ಸ್ ಅನ್ನೇ ನಂಬಬೇಕು. ಆಗ ನೋಡಬೇಕಾದದ್ದು ಗಾಜಿನ ಕಡೆಗೆ ಮುಖ ಮಾಡುವ ಮೈಯ ಬಣ್ಣವನ್ನು. ಕೋಣೆಯ ಕಡೆಗೆ ಯಾವ ಬಣ್ಣವಿದ್ದರೂ ತೊಂದರೆಯಿಲ್ಲ, ಗಾಜಿನ ಕಡೆಗೆ ಮಾತ್ರ ಬಿಳಿ ಇಲ್ಲವೇ ಬೆಳ್ಳಿಬಣ್ಣವಿರಲಿ, ಆಗ ಬಿಸಿಲಿನ ಒಂದು ಪಾಲಾದರೂ ಗಾಜಿನ ಮೂಲಕ ಹಿಂದಿರುಗಿ ಹೋಗುತ್ತದೆ. ರೋಲರ್ ಬ್ಲೈಂಡ್ ಕೊಳ್ಳುವವರು ಬಿಳಿ ಬೆನ್ನಿನ, ಬೆಳಕು ತೂರದ ಬ್ಲ್ಯಾಕ್‌ಔಟ್ ಬಟ್ಟೆಯದನ್ನು ಕೇಳಿ ಪಡೆಯಬೇಕು. ಈಚೆಗೆ ಬಹಳ ಜನ ಮೆಚ್ಚುವ ಜೀಬ್ರಾ ಬ್ಲೈಂಡ್ಸ್‌ನಲ್ಲಿ ತೆಳು ಪಟ್ಟಿಯೂ ದಪ್ಪ ಪಟ್ಟಿಯೂ ಒಂದಾದ ಮೇಲೊಂದು ಇರುವುದರಿಂದ, ಅವುಗಳನ್ನು ಸರಿಯಾಗಿ ಹೊಂದಿಸಿ ಮುಚ್ಚದಿದ್ದರೆ ಬಿಸಿಲು ಒಳಗೆ ಬರುತ್ತದೆ; ಪಡಸಾಲೆಗೆ ಅದು ಆದೀತು, ಪಶ್ಚಿಮದ ಕೋಣೆಗೆ ಬೇಡ. ಅಲ್ಯೂಮಿನಿಯಂ ಪಟ್ಟಿಗಳ ವೆನೀಷಿಯನ್ ಬ್ಲೈಂಡ್ಸ್ ಹಾಕಿಸಿದವರು ಪಟ್ಟಿಯ ಹೊರ ಅಂಚು ಕೆಳಗೂ ಒಳ ಅಂಚು ಮೇಲೂ ಇರುವಂತೆ ತಿರುಗಿಸಿದರೆ ಬಿಸಿಲು ಹಿಂದಕ್ಕೆ ಪುಟಿಯುತ್ತದೆ, ತುಸು ಬೆಳಕೂ ಉಳಿಯುತ್ತದೆ. ತಿರುಗುಮುರುಗಾದರೆ ಇಳಿಬಿಸಿಲು ಪಟ್ಟಿಗಳ ನಡುವೆ ನೇರವಾಗಿ ಜಾರಿ ನೆಲಕ್ಕೆ ಬೀಳುತ್ತದೆ. ಆದರೆ ನಮ್ಮ ಊರಿನ ಧೂಳಿಗೆ ಆ ಪಟ್ಟಿಗಳನ್ನು ಒಂದೊಂದಾಗಿ ಒರೆಸುವ ಕೆಲಸ ಯಾರ ಪಾಲಿಗೆ ಬರುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ಮನೆಯವರೆಲ್ಲ ಕೂಡಿ ನಿರ್ಧರಿಸಿಕೊಳ್ಳುವುದು ಒಳ್ಳೆಯದು. ಗಾಜಿಗೆ ಅಲ್ಯೂಮಿನಿಯಂ ಹಾಳೆಯನ್ನು ನೇರವಾಗಿ ಅಂಟಿಸುವ ಉಪಾಯವನ್ನು ನಾನು ಒಪ್ಪುವುದಿಲ್ಲ. ಗಾಜು ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಕಾದು ಸೀಳುವ ಅಪಾಯವಿದೆ.

ಬ್ಲೈಂಡ್ಸ್‌ಗೆ ಹಣ ಸುರಿಯಲು ಮನಸ್ಸಿಲ್ಲದವರಿಗೆ ಅಸ್ತರು ಹಾಕಿದ ಹತ್ತಿಯ ಪರದೆ ಇದ್ದೇ ಇದೆ. ಹತ್ತಿ ಗಿರಣಿಗಳಿಂದ ಹೆಸರು ಪಡೆದ ಊರಿನಲ್ಲಿದ್ದುಕೊಂಡು ಹೊಳೆಯುವ ಪಾಲಿಸ್ಟರ್ ಪರದೆಗೇ ಮುಗಿಬೀಳಬೇಕಾಗಿಲ್ಲ. ಒಳಮುಖಕ್ಕೆ ನಿಮಗೊಪ್ಪುವ ದಪ್ಪ ಬಟ್ಟೆ, ಗಾಜಿನ ಕಡೆಗೆ ಬಿಳಿಯ ಕೋರಾ ಬಟ್ಟೆಯ ಅಸ್ತರು, ಇಷ್ಟನ್ನು ದರ್ಜಿಗೆ ಹೇಳಿ ಹೊಲಿಸಿ. ಅಸ್ತರನ್ನು ಪರದೆಗೆ ಸುತ್ತಲೂ ಸೇರಿಸಿ ಹೊಲಿಯದೆ ಮೇಲಂಚಿನಲ್ಲಿ ಮಾತ್ರ ಸೇರಿಸಲು ತಿಳಿಸಬೇಕು. ಆಗ ಎರಡರ ನಡುವೆ ಗಾಳಿಯ ಪದರವೊಂದು ನಿಲ್ಲುತ್ತದೆ, ಒಗೆದಾಗ ಒಂದು ಹೆಚ್ಚು ಕುಗ್ಗಿ ಇನ್ನೊಂದು ಜೋಲುವುದೂ ತಪ್ಪುತ್ತದೆ. ಬಟ್ಟೆಯನ್ನು ಕತ್ತರಿಸುವ ಮೊದಲು ಒಂದು ಸಲ ನೀರಿನಲ್ಲಿ ನೆನೆಸಿ ಒಣಗಿಸಲೇಬೇಕು. ಉದ್ದ ಕಿಟಕಿಯ ಕೆಳ ಅಂಚಿಗಿಂತ ಅರ್ಧ ಅಡಿ ಕೆಳಗಿರಲಿ, ಕಂಬಿ ಚೌಕಟ್ಟಿನ ಆಚೆಗೆ ಎರಡೂ ಬದಿ ಒಂದು ಗೇಣು ಹೋಗಲಿ. ಹಿಂದೆ ಹೇಳಿದೆನಲ್ಲ, ಮೇಲಂಚಿನಿಂದ ಉಕ್ಕುವ ಬಿಸಿಗಾಳಿ, ಅದನ್ನು ತಡೆಯಲು ಕಂಬಿಯ ಮೇಲೆ ಒಂದು ಹಲಗೆಯ ಪೆಲ್ಮೆಟ್, ಅಂದರೆ ಪರದೆಯ ಮೇಲಂಚನ್ನು ಮುಚ್ಚುವ ಮರೆ, ಹೊಡೆಸಿದರೆ ಪರದೆಯ ಪ್ರಯೋಜನ ಎದ್ದುಕಾಣುವಷ್ಟು ಹೆಚ್ಚುತ್ತದೆ.

ನೀರು ಹಾಕಿ ಕಿಟಕಿಗೆ ಕಟ್ಟುವ ಲಾವಂಚದ ಬೇರಿನ ತಡಿಕೆಯ ಬಗ್ಗೆ ಕೇಳುವವರು ಬಹಳ. ಮಾರ್ಚ್, ಏಪ್ರಿಲ್ ತಿಂಗಳ ಒಣಗಾಳಿಯಲ್ಲಿ ಅದರಷ್ಟು ಹಿತವಾದದ್ದು ಬೇರೆ ಇಲ್ಲ, ಏಕೆಂದರೆ ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೌಲ್ ಶಾಖ ಬೇಕು, ಆ ಶಾಖವನ್ನು ಅದು ಹಾದುಬರುವ ಗಾಳಿಯಿಂದಲೇ ಎಳೆದುಕೊಳ್ಳುತ್ತದೆ. ಗಾಳಿ ಬೀಸಿ ಬರುವ ಕಿಟಕಿಗೆ ಅದನ್ನು ಕಟ್ಟಿ, ಎದುರಿನ ಗೋಡೆಯಲ್ಲಿ ಒಂದು ಕಿಟಕಿಯನ್ನು ಗಾಳಿ ಹೊರಹೋಗಲು ತೆರೆದಿಡಬೇಕು, ಇಲ್ಲದಿದ್ದರೆ ತೇವ ಒಳಗೇ ಕೂಡಿಕೊಂಡು ಸೆಕೆ ಇಮ್ಮಡಿಯಾಗುತ್ತದೆ. ಮೇ ತಿಂಗಳಲ್ಲಿ ಮೋಡ ಕಟ್ಟಿ ಗಾಳಿ ತೇವವಾದ ಮೇಲೆ ಅದರ ಗುಣ ಇಳಿಯುತ್ತದೆ, ಆಗ ನೀರು ಹಾಕುವುದನ್ನು ನಿಲ್ಲಿಸಿ. ನೀರಿಗೆ ಟ್ಯಾಂಕರ್ ಕಾಯುವ ಓಣಿಗಳಲ್ಲಿ ಇದಕ್ಕಾಗಿ ಕುಡಿಯುವ ನೀರು ಸುರಿಯುವುದು ಸಲ್ಲದು. ತರಕಾರಿ, ಅಕ್ಕಿ ತೊಳೆದ ನೀರನ್ನೂ ಹಾಕಬೇಡಿ, ಅದು ಕೊಳೆತು ವಾಸನೆ ಬರುತ್ತದೆ. ಅಂಥ ಮನೆಗಳಿಗೆ ಒಣ ತಟ್ಟಿಯೇ ಸಾಕು.

ಯಾವುದನ್ನು ಹಾಕಿಸಿದರೂ ಮುಚ್ಚುವ, ತೆರೆಯುವ ಹೊತ್ತು ಸರಿಯಿರಬೇಕು. ಪೂರ್ವದ ಕಿಟಕಿಯನ್ನು ಬಿಸಿಲು ತಾಗುವ ಮೊದಲೇ ಮುಚ್ಚಿ, ಹನ್ನೊಂದರ ನಂತರ ಸಡಿಲಿಸಬಹುದು. ಪಶ್ಚಿಮದ್ದನ್ನು ಊಟದ ಹೊತ್ತಿಗಿಂತ ಮುಂಚೆಯೇ ಇಳಿಬಿಡಬೇಕು, ಕೋಣೆ ಕಾದ ಮೇಲೆ ಮುಚ್ಚಿದರೆ ಕಾವನ್ನು ಒಳಗೇ ಕೂಡಿಹಾಕಿದಂತಾಗುತ್ತದೆ. ನಮ್ಮದು ಬಯಲುಸೀಮೆ, ಹಗಲು ಎಷ್ಟು ಸುಟ್ಟರೂ ರಾತ್ರಿ ಗಾಳಿ ತಣ್ಣಗಾಗುತ್ತದೆ. ಆದ್ದರಿಂದ ಕತ್ತಲಾಗುತ್ತಲೇ ಎಲ್ಲ ಪರದೆಗಳನ್ನೂ ಪೂರ್ತಿ ಮೇಲಕ್ಕೆತ್ತಿ, ಸೊಳ್ಳೆ ಪರದೆಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ತೆರೆಯಬೇಕು. ಚಿತ್ರದುರ್ಗದ ಕೋಟೆಯ ಬಂಡೆಗಳ ಬುಡದಲ್ಲಿ ಮನೆಯಿರುವವರು ಇನ್ನೂ ಸ್ವಲ್ಪ ತಡೆದು ತೆರೆಯಲಿ, ಹಗಲೆಲ್ಲ ಕಾದ ಕಲ್ಲು ಕತ್ತಲಾದ ಮೇಲೂ ಬಹಳ ಹೊತ್ತು ಝಳ ಬಿಡುತ್ತಿರುತ್ತದೆ.

ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಎಳೆಯುವ ದಾರದ ಬ್ಲೈಂಡ್ಸ್ ಕೊಳ್ಳಲೇಬೇಡಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಉರುಳಿನಂತೆ ಜೋತಾಡುವ ಆ ದಾರ ಮಗುವಿನ ಕೊರಳಿಗೆ ಸಿಕ್ಕಿಕೊಳ್ಳುವ ಅಪಾಯ ಸಣ್ಣದಲ್ಲ. ಈಗಾಗಲೇ ಹಾಕಿಸಿದ್ದರೆ, ದಾರವನ್ನು ಮಗುವಿನ ಕೈಗೆಟುಕದ ಎತ್ತರದಲ್ಲಿ ಗೋಡೆಗೆ ಕೊಕ್ಕೆ ಹೊಡೆಸಿ ಸುತ್ತಿಡಿ; ತೊಟ್ಟಿಲನ್ನೂ ಮಂಚವನ್ನೂ ಆ ಕಿಟಕಿಯ ಬಳಿ ಇರಿಸಬೇಡಿ.

ಮುಂಗಾರು ಹಿಡಿಯುವ ಮೊದಲು ಬಿದಿರಿನ ತಟ್ಟಿ, ಲಾವಂಚದ ತಡಿಕೆಗಳನ್ನು ಕೆಳಗಿಳಿಸಿಬಿಡಬೇಕು. ಆಷಾಢದ ಗಾಳಿ ಬರುವುದೂ ಪಶ್ಚಿಮದಿಂದಲೇ. ಧೂಳು ಕೊಡವಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಎರಡು ದಿನ ಚೆನ್ನಾಗಿ ಬಿಸಿಲಿಗೆ ಹಾಕಿ, ಬಿದಿರಿಗೆ ಬೇವಿನ ಎಣ್ಣೆ ಸವರಿ, ಸಡಿಲವಾಗಿ ಸುತ್ತಿ ನೆಲಕ್ಕೆ ತಾಗದಂತೆ ಅಟ್ಟದ ಮೇಲೆ ಇಡಿ. ಸವೆದ ದಾರವನ್ನು ಆಗಲೇ ಬದಲಾಯಿಸಿಟ್ಟರೆ ಮುಂದಿನ ಫಾಲ್ಗುಣದಲ್ಲಿ ಇಳಿಸಿ ಕಟ್ಟುವುದಷ್ಟೇ ಕೆಲಸ.